‘ಹಿಂದಿ’ ಎಂಬ ಹಕ್ಕಿ

ಪುಣೆಯ ಮಂಡಯಿಯಲ್ಲಿ ‘ಪೇರೂ’ ಎಂದು ಕೇಳಿದರೆ ಸೀಬೆಹಣ್ಣು ಕೈಗೆ ಬರುತ್ತದೆ. ವಿಜಾಪುರ, ಧಾರವಾಡದ ಕಡೆಯವರು ಅದನ್ನೇ ಪೇರಲಹಣ್ಣು ಎನ್ನುವುದರಿಂದ ಅವರಿಗೆ ಈ ಮಾತು ಅಷ್ಟೇನೂ ಹೊಸದೆನಿಸದು. ಆದರೆ ಪೋರ್ತುಗೀಜನೊಬ್ಬನ ಮುಂದೆ ‘ಪೆರು’ ಎಂದರೆ ಅವನಿಗೆ ಹೊಳೆಯುವುದು ಹಣ್ಣಲ್ಲ, ಕೋಳಿ. ನಾವು ಟರ್ಕಿ ಕೋಳಿ ಎನ್ನುವ ಆ ದೊಡ್ಡ ಹಕ್ಕಿ. ಇನ್ನು ಟರ್ಕಿಗೇ ಹೋಗಿ ಅದರ ಹೆಸರನ್ನು ವಿಚಾರಿಸಿದರೆ? ಅಲ್ಲಿಯವರು ಅದನ್ನು ‘ಹಿಂದಿ’ ಎನ್ನುತ್ತಾರೆ. ಎಂದರೆ ಹಿಂದೂಸ್ತಾನದ್ದು, ನಮ್ಮ ದೇಶದ್ದು! ನಾವು ಅವರ ಕಡೆಗೆ ಬೆರಳು ತೋರಿಸಿದರೆ ಅವರು ನಮ್ಮ ಕಡೆಗೆ ತೋರಿಸುತ್ತಾರೆ.

ನಿಜವಾಗಿ ಹಕ್ಕಿ ಇಬ್ಬರದೂ ಅಲ್ಲ. ಅದರ ತವರು ಅಮೆರಿಕ. ಮೆಕ್ಸಿಕೋದ ಜನ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಅದನ್ನು ಸಾಕಿ ಪಳಗಿಸಿದ್ದರು. 1492ರಲ್ಲಿ ಕೊಲಂಬಸನು ಇಂಡಿಯಾವನ್ನು ಹುಡುಕುತ್ತ ಹೋಗಿ ಅಮೆರಿಕದ ದ್ವೀಪಗಳನ್ನು ಮುಟ್ಟಿದ ಕಥೆ ವಾಚಕರಿಗೆ ತಿಳಿದದ್ದೇ. ಸ್ಪೇನಿನವರು ಆ ನಾಡುಗಳನ್ನು ಬಹುಕಾಲ ‘ಇಂದಿಯಾಸ್’ ಎಂದೇ ಕರೆದರು. ಅಲ್ಲಿಂದ ಬಂದ ಕೋಳಿಗೂ ಇಂಡಿಯಾದ ಹೆಸರು ಅಂಟಿಕೊಂಡಿತು. ಫ್ರೆಂಚರ ‘ದ್ಯಾಂದ್’, ರಷ್ಯನ್ನರ ‘ಇಂದೇಯ್ಕಾ’, ತುರ್ಕಿ ಭಾಷೆಯ ಒಡಹುಟ್ಟಿದ ಅಜರ್‌ಬೈಜಾನಿಯ ‘ಹಿಂದುಷ್ಕಾ’ ಎಲ್ಲವೂ ಇದೇ ಬಳಗ. ತುರ್ಕಿ ಮನೆತನದ ಎಲ್ಲ ಭಾಷೆಗಳೂ ಹೀಗೆನ್ನುವುದಿಲ್ಲ. ಉಜ್ಬೇಕರಿಗೆ ಅದು ‘ಕುರ್ಕಾ’.

ಡಚ್ಚರು ಇನ್ನೂ ಮುಂದೆ ಹೋಗಿ ಊರನ್ನೇ ಹೇಳಿಬಿಟ್ಟರು. ಅವರ ‘ಕಾಲ್ಕೂನ್’ ಎಂದರೆ ಕಲ್ಲಿಕೋಟೆಯ ಕೋಳಿ. 1498ರಲ್ಲಿ ವಾಸ್ಕೋ ಡ ಗಾಮಾ ಬಂದಿಳಿದ ಮೇಲೆ ಕಲ್ಲಿಕೋಟೆಯ ಹೆಸರು ಯೂರೋಪಿನ ವ್ಯಾಪಾರಿಗಳ ಬಾಯಲ್ಲಿತ್ತು. ದೂರದ ಹೊಸ ಸರಕೆಂದರೆ ಅಲ್ಲಿಯದೇ ಇರಬೇಕೆಂಬ ಭಾವನೆ. ಇಂಗ್ಲಿಷರ ದಾರಿ ಬೇರೆ. ಆಫ್ರಿಕದ ಗಿನಿ ಕೋಳಿ ತುರ್ಕರ ಸೀಮೆಯ ಮೂಲಕ ಅವರಿಗೆ ಬರುತ್ತಿದ್ದುದರಿಂದ ಅದನ್ನು ಟರ್ಕಿ ಕೋಳಿ ಎನ್ನುತ್ತಿದ್ದರು. ಅಮೆರಿಕದ ಹಕ್ಕಿ ಬಂದಾಗ ಎರಡನ್ನೂ ಬೆರೆಸಿ, ಕೊನೆಗೆ ಹೆಸರನ್ನು ಹೊಸದಕ್ಕೇ ಬಿಟ್ಟುಕೊಟ್ಟರು. ಮಲಯಾದವರಿಗೆ ಅದು ಡಚ್ಚರ ಕೋಳಿ; ಪೋರ್ತುಗೀಜರ ‘ಪೆರು’ ದಕ್ಷಿಣ ಅಮೆರಿಕದ ಪೆರು ದೇಶದ ಹೆಸರು, ಅದೂ ಸರಿಯಲ್ಲ.

ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಮೆಕ್ಸಿಕೋದ ಕಡೆಯಿಂದ ಬಂದ ಕಾಯಿಗೆ ನಾವು ಸೀಮೆಬದನೆ ಎಂದೆವು, ಅದೇ ಕಡೆಯ ಇನ್ನೊಂದಕ್ಕೆ ಸೀಮೆಹುಣಸೆ. ಆ ಸೀಮೆಹುಣಸೆಯೇ ಪುಣೆಯ ಕೈಗಾಡಿಯ ಮೇಲೆ ‘ವಿಲಾಯತಿ ಚಿಂಚ್’. ಕಲಬುರ್ಗಿಯವನನ್ನೂ ಕಾರವಾರದವನನ್ನೂ ಒಂದೇ ಮಾತಿಗೆ ‘ಮದ್ರಾಸಿ’ ಎಂದು ಮುಗಿಸುವವರನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರಲ್ಲವೆ?

ಈ ‘ಹಿಂದಿ’ ಹಕ್ಕಿ ಹಿಂದೂಸ್ತಾನದ ಅರಮನೆಗೆ ಬಂದ ಪ್ರಸಂಗ ಸ್ವಾರಸ್ಯವಾದುದು. 1612ರಲ್ಲಿ ಮುಕರ್ರಬ್ ಖಾನನೆಂಬ ಅಧಿಕಾರಿ ಗೋವೆಯ ಪೋರ್ತುಗೀಜರಿಂದ ವಿಚಿತ್ರ ಪ್ರಾಣಿಗಳನ್ನು ಕೊಂಡು ಜಹಾಂಗೀರ್ ಬಾದಶಹನಿಗೆ ತಂದೊಪ್ಪಿಸಿದನು. ಅವುಗಳಲ್ಲಿ ಇದೂ ಒಂದು. ಹೆಣ್ಣುನವಿಲಿಗಿಂತ ದೊಡ್ಡದು, ಗಂಡುನವಿಲಿಗಿಂತ ಚಿಕ್ಕದು, ಮದವೇರಿದಾಗ ನವಿಲಿನಂತೆ ಗರಿ ಬಿಚ್ಚಿ ಕುಣಿಯುತ್ತದೆ, ತಲೆ ಮತ್ತು ಕೊರಳು ಗಳಿಗೆಗೊಂದು ಬಣ್ಣ ತಾಳುತ್ತವೆ ಎಂದು ಬಾದಶಹನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಆ ಪ್ರಾಣಿಗಳ ಹೆಸರು ಮಾತ್ರ ಯಾರಿಗೂ ತಿಳಿದಿರಲಿಲ್ಲವಂತೆ! ಜಹಾಂಗೀರನು ತುರ್ಕಿಯಲ್ಲಿ ಆತ್ಮಕಥೆ ಬರೆದ ಬಾಬರನ ಮರಿಮಗ. ಆದರೂ ತುರ್ಕರು ಹಿಂದೂಸ್ತಾನದ್ದೆಂದು ಹೆಸರಿಟ್ಟ ಹಕ್ಕಿ ಇಲ್ಲಿ ಹೆಸರಿಲ್ಲದೆ ನಿಂತಿತ್ತು. ಆಸ್ಥಾನದ ಕಲಾವಿದ ಮನ್ಸೂರನು ಬರೆದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

2022ರಲ್ಲಿ ಟರ್ಕಿ ಸರಕಾರವು ತನ್ನ ದೇಶವನ್ನು ‘ತುರ್ಕಿಯೆ’ ಎಂದೇ ಬರೆಯಬೇಕೆಂದು ಕೇಳಿ, ವಿಶ್ವಸಂಸ್ಥೆಯನ್ನು ಒಪ್ಪಿಸಿತು. ಕೋಳಿಯ ಹೆಸರನ್ನು ಯಾರೂ ಬದಲಿಸಿಲ್ಲ. ಮೆಕ್ಸಿಕೋದ ಹಳ್ಳಿಗಳಲ್ಲಿ ಮಾತ್ರ ಅದನ್ನು ಇಂದಿಗೂ ‘ಗ್ವಾಹೊಲೋತೆ’ ಎನ್ನುತ್ತಾರೆ. ಸ್ಪೇನಿನವರು ಬರುವ ಮೊದಲು ಅಲ್ಲಿಯ ಅಜ್ಟೆಕ್ ಜನ ತಮ್ಮ ಹುಂಜಕ್ಕೆ ಇಟ್ಟಿದ್ದ ಹೆಸರಿನಿಂದ ಬಂದ ಮಾತು ಅದು.