ಪುಡಿ, ಸದ್ದು ಮತ್ತು ಒಂದು ಮರದ ಪೆಟ್ಟಿಗೆ

ಮುತ್ತಿನಕೊಪ್ಪದ ಸುತ್ತಿನ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಿ. ರಜೆಗೆ ಬಂದ ಪಾಲಿಟೆಕ್ನಿಕ್ ವಿದ್ಯಾರ್ಥಿ ಕೊಟ್ಟಿಗೆಯ ಮೂಲೆಯಲ್ಲಿ ಪುಟ್ಟದೊಂದು ಸಿಎನ್‌ಸಿ ಮಿಲ್ಲಿಂಗ್ ಯಂತ್ರ ಜೋಡಿಸಿದ್ದಾನೆ. ಗುಂಡಿ ಒತ್ತಿದ್ದೇ ತಡ, ಹಲಗೆಯ ಮೇಲೆ ಹೂಬಳ್ಳಿ ಮೂಡತೊಡಗುತ್ತದೆ. ಜೊತೆಗೇ ಅಮ್ಮನ ದನಿ: ‘ಆ ಗಲಾಟೆ ನಿಲ್ಲಿಸೋ ಮಾರಾಯ, ಅಡಿಕೆ ಮೇಲೆಲ್ಲ ಪುಡಿ!’

ಅಮ್ಮನ ದೂರು ಎರಡು, ಎರಡೂ ನ್ಯಾಯವಾದವೇ.

ಅಂಕಿಗಳ ಆಜ್ಞೆಯಂತೆ ಲೋಹ ಕೊರೆಯುವ ಯಂತ್ರವನ್ನು ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯ ಪ್ರದರ್ಶಿಸಿದ್ದು 1952ರಲ್ಲಿ. ಆಗ ಆಜ್ಞೆಗಳಿದ್ದದ್ದು ತೂತು ಹೊಡೆದ ಪಟ್ಟಿಯ ಮೇಲೆ. ಮರುವರ್ಷ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. ಕಾರ್ಖಾನೆಯ ಯಂತ್ರಗಳು ಉಕ್ಕಿನ ಕವಚದೊಳಗೇ ಬರುತ್ತವೆ. ಮನೆಯಲ್ಲಿ ಜೋಡಿಸಿದ ಯಂತ್ರಕ್ಕೆ ಕವಚವನ್ನು ನಾವೇ ಕಟ್ಟಬೇಕು.

ಪುಡಿಯ ವಿಷಯ ಹಗುರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರ ವರದಿಯಲ್ಲಿ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೆಲಸಗಾರರ ಮೂಗಿನೊಳಗೆ ಅದರ ಪರಿಣಾಮ ಕಂಡಿತ್ತು. ಕಣ್ಣಿಗೆ ಕಾಣುವ ಸಿಪ್ಪೆಗಿಂತ ಕಾಣದ ಹುಡಿಯೇ ಅಪಾಯಕಾರಿ. ಆದ್ದರಿಂದ ಪೆಟ್ಟಿಗೆಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಜೋಡಿಸಬೇಕು. ಕೆಲಸ ಮುಗಿದೊಡನೆ ಬಾಗಿಲು ತೆರೆಯದೆ, ಹುಡಿ ಕೂರುವವರೆಗೆ ಕಾಯಬೇಕು.

ಇನ್ನು ಸದ್ದು. ಇಂಥ ಯಂತ್ರದ ಹತ್ತಿರ 90 ಡೆಸಿಬೆಲ್ ಸುಮಾರಿಗೆ ಸದ್ದು ಇರಬಹುದು. ವಸತಿ ಪ್ರದೇಶಕ್ಕೆ 2000ದ ನಿಯಮ ಹೇಳುವ ಹಗಲಿನ ಮಿತಿ 55. ಸದ್ದನ್ನು ತಡೆಯುವುದು ಗೋಡೆಯ ತೂಕ. ಥರ್ಮೋಕೋಲ್ ಅಂಟಿಸಿದರೆ ಪ್ರಯೋಜನವಿಲ್ಲ. 18 ಮಿಲಿಮೀಟರ್ ಪ್ಲೈವುಡ್ ಒಳ್ಳೆಯದು. ಅಗ್ಗವೆಂದು ಎಂ.ಡಿ.ಎಫ್. ತಂದರೆ ಮಲೆನಾಡಿನ ಮಳೆಗಾಲದಲ್ಲಿ ಅದು ಹಪ್ಪಳದಂತೆ ಉಬ್ಬುತ್ತದೆ. ನೀರು ತಾಳುವ ಪ್ಲೈವುಡ್ಡೇ ಬೇಕು.

ಇಲ್ಲೊಂದು ಸ್ವಾರಸ್ಯದ ಲೆಕ್ಕವಿದೆ. ಪೆಟ್ಟಿಗೆಯ ಮೈಯಲ್ಲಿ ನೂರಕ್ಕೆ ಒಂದು ಪಾಲು ಸಂದು ಉಳಿದರೂ ಸದ್ದಿನ ಶಕ್ತಿಯ ನೂರರಲ್ಲೊಂದು ಪಾಲು ಅಲ್ಲಿಂದಲೇ ನುಸುಳುತ್ತದೆ. ನೂರರಲ್ಲೊಂದು ಎಂದರೆ 20 ಡೆಸಿಬೆಲ್ ಇಳಿಕೆ. ಗೋಡೆ ಒಂದಡಿ ದಪ್ಪವಿದ್ದರೂ ಅದಕ್ಕಿಂತ ಹೆಚ್ಚು ಸಿಗದು! ಸಂದು ಹುಡುಕುವುದು ಸುಲಭ: ರಾತ್ರಿ ಪೆಟ್ಟಿಗೆಯೊಳಗೆ ಒಂದು ಬಲ್ಬು ಉರಿಸಿ, ಹೊರಗೆ ಕತ್ತಲು ಮಾಡಿ ನೋಡಿದರಾಯಿತು. ಬೆಳಕು ಸೋರುವಲ್ಲಿ ರಬ್ಬರ್ ಪಟ್ಟಿ ಅಂಟಿಸಬೇಕು. ಆದರೆ ಮೋಟಾರಿಗೆ ತಂಪು ಗಾಳಿ ಬೇಕಲ್ಲ? ಅದಕ್ಕೆ ನೇರ ತೂತು ಕೂಡದು. ಎರಡು ಮೂರು ತಿರುವಿನ ಹಾದಿ ಮಾಡಿದರೆ ಗಾಳಿ ದಾಟುತ್ತದೆ, ಸದ್ದು ತಿರುವುಗಳಲ್ಲಿ ಬಡಿದು ಸೊರಗುತ್ತದೆ.

ಕಿಟಕಿಗೆ ಗಾಜು ಬೇಡ, ಅಕ್ರಿಲಿಕ್ ಕೂಡ ಬೇಡ. ಮುರಿದ ಕಟ್ಟರಿನ ತುಂಡು ಬಡಿದರೆ ಅವು ಒಡೆಯಬಹುದು. ಪಾಲಿಕಾರ್ಬೊನೇಟ್ ಹಾಳೆ ಆ ಪೆಟ್ಟನ್ನು ಎಷ್ಟೋ ಚೆನ್ನಾಗಿ ತಾಳುತ್ತದೆ.

ತಂದೆತಾಯಿ ಮುಖ್ಯವಾಗಿ ಕೇಳಬೇಕಾದದ್ದು ಕರೆಂಟಿನ ವಿಷಯ. ಮಳೆಗಾಲದಲ್ಲಿ ಕರೆಂಟು ಹೋಗುವುದು ಮಲೆನಾಡಿಗೆ ಹೊಸತಲ್ಲ. ಹೋದದ್ದು ಮರಳಿದಾಗ, ಒಳಗೆ ಕೈಯಿಟ್ಟ ಹುಡುಗನ ಬೆರಳ ಬಳಿ ಯಂತ್ರ ತಾನಾಗಿ ತಿರುಗಿದರೆ? ಗುಂಡಿ ಮತ್ತೆ ಒತ್ತುವವರೆಗೆ ವಿದ್ಯುತ್ ಹರಿಯಬಿಡದ ಕಾಂಟ್ಯಾಕ್ಟರ್ ಕಡ್ಡಾಯ. ಬಾಗಿಲು ತೆರೆದರೆ ನಿಲ್ಲಿಸುವ ಸ್ವಿಚ್ಚೂ ಇರಲಿ. ಸ್ವಿಚ್ ಆರಿದ ಮೇಲೂ ಕಟ್ಟರ್ ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ಲೋಹದ ಭಾಗಗಳಿಗೆಲ್ಲ ಅರ್ಥಿಂಗ್ ಮಾಡಿ, ನಿಯಂತ್ರಣದ ಸರ್ಕ್ಯೂಟುಗಳನ್ನು ಪೆಟ್ಟಿಗೆಯ ಹೊರಗಿಡಬೇಕು; ಅಲ್ಯೂಮಿನಿಯಂ ಚೂರು ಬಿದ್ದರೆ ಶಾರ್ಟ್ ಆದೀತು.

ಪುಡಿ ತುಂಬಿದ ಮುಚ್ಚಿದ ಪೆಟ್ಟಿಗೆಗೆ ಒಂದು ಕಿಡಿ ಸಾಕು. ಯಂತ್ರ ಓಡುವಷ್ಟು ಹೊತ್ತೂ ಒಬ್ಬರು ಬಳಿಯಲ್ಲಿರಬೇಕು. ಅಮ್ಮ ಊಟಕ್ಕೆ ಕರೆದರೆ ಹುಡುಗ ಯಂತ್ರ ನಿಲ್ಲಿಸಿಯೇ ಏಳಬೇಕು.