ಸಂಗಾತಿಯ ವೋಟು

ಚಾಮರಾಜನಗರ ಸೀಮೆಯವರಿಗೆ ವೋಟಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಿಂದ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲವಂತೆ ಎಂಬ ಕಥೆಯನ್ನು ನಮ್ಮ ಹರದನಹಳ್ಳಿಯ ಟೀ ಅಂಗಡಿಯಲ್ಲಿ ಈಗಲೂ ಮೊನ್ನೆ ನಡೆದದ್ದೇನೋ ಎಂಬಂತೆ ಹೇಳುತ್ತಾರೆ. ಅದೇ ಧ್ರುವನಾರಾಯಣ 2019ರಲ್ಲಿ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಎದುರು ಲೋಕಸಭೆಗೆ ಸೋತಾಗ ಅಂತರ ಎರಡು ಸಾವಿರವನ್ನೂ ಮುಟ್ಟಿರಲಿಲ್ಲ. ಹೀಗಿರುವ ಊರಲ್ಲಿ ಮನೆಯೊಳಗೇ ಪಕ್ಷ ಒಡೆದಿರುವುದು ಸುದ್ದಿಯೇ ಅಲ್ಲ. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಗಂಡ ಹೇಳಿಕೊಟ್ಟ ಗುರುತು ಒಂದು, ಹೆಂಡತಿ ಒತ್ತಿ ಬಂದ ಗುಂಡಿ ಇನ್ನೊಂದು. ರಾತ್ರಿಗೆ ಎಲ್ಲರಿಗೂ ಅದೇ ಮುದ್ದೆ, ಅದೇ ಬಸ್ಸಾರು.

ನಾನು ಗೇ. ಬೆಂಗಳೂರಿನಲ್ಲಿ ನನ್ನ ಜೊತೆ ಬಾಳುತ್ತಿರುವವನು ನಾನು ಎಂದೂ ವೋಟು ಹಾಕದ ಪಕ್ಷಕ್ಕೆ ಹಾಕುತ್ತಾನೆ. ಇದನ್ನು ಹೇಳಿದರೆ ಮದುವೆಯಾದ ಗೆಳೆಯರು, ‘ಅದ್ರಲ್ಲೇನ್ಲಾ, ನಮ್ಮನೇಲೂ ಹಂಗೇಯಾ’ ಎನ್ನುತ್ತಾರೆ. ಹಂಗಲ್ಲ.

ನಾನು ಬೆಳೆದದ್ದು ಹಸಿರು ಶಾಲಿನ ಮನೆಯಲ್ಲಿ. ಅಪ್ಪ ರೈತ ಸಂಘದವರು. ಪ್ರೊ. ನಂಜುಂಡಸ್ವಾಮಿಯವರ ಹೆಸರು ಬಂದರೆ ಕೂತಲ್ಲೇ ಬೆನ್ನು ನೆಟ್ಟಗಾಗುತ್ತಿತ್ತು, ಹೊಂಡರಬಾಳಿನ ಅಮೃತಭೂಮಿ ಕೃಷಿ ಕೇಂದ್ರ ಅಪ್ಪನ ಪಾಲಿಗೆ ಕ್ಷೇತ್ರದರ್ಶನ. ನನ್ನ ಸಂಗಾತಿ ಸೊರಬದ ಕಡೆಯವನು. ಅಡಿಕೆ ತೋಟದ ಮನೆ, ಬೆಳಗಿನ ಶಾಖೆ, ಬೇಸಿಗೆ ಶಿಬಿರ. ಇಬ್ಬರೂ ಸಿಕ್ಕಿದ್ದು ಮೊಬೈಲ್ ಆ್ಯಪಿನಲ್ಲಿ. ಅಲ್ಲಿ ಎತ್ತರ, ತೂಕ, ಎಲ್ಲಿದ್ದೀರಿ ಎಷ್ಟು ದೂರ ಎಂಬುದೆಲ್ಲ ಇರುತ್ತದೆ. ಯಾವ ಪಕ್ಷ ಎಂದು ಬರೆಯುವವರು ಕಡಿಮೆ, ‘ರಾಜಕೀಯ ಬೇಡ’ ಎಂದು ಬರೆಯುವವರು ಜಾಸ್ತಿ. ನನಗೆ ಗೊತ್ತಾದದ್ದು ನಾಲ್ಕಾರು ಭೇಟಿ ಕಳೆದ ಮೇಲೆ. ಅಷ್ಟರಲ್ಲಿ ಅವನು ಮಾಡುವ ಅಪ್ಪೆಹುಳಿಗೆ ನಾನು ಬಿದ್ದಾಗಿತ್ತು.

ಅವನು ಒಂದು ಮಾತನ್ನು ಪದೇ ಪದೇ ಎತ್ತುತ್ತಾನೆ. 2016ರ ಮಾರ್ಚಿನಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ದತ್ತಾತ್ರೇಯ ಹೊಸಬಾಳೆಯವರು ದೆಹಲಿಯ ಸಭೆಯೊಂದರಲ್ಲಿ, ಬೇರೆಯವರ ಬದುಕಿಗೆ ತೊಂದರೆಯಾಗದಿದ್ದರೆ ಸಲಿಂಗಕಾಮವನ್ನು ಅಪರಾಧ ಎನ್ನಬೇಕಿಲ್ಲ ಎಂಬರ್ಥದ ಮಾತಾಡಿದರು. ಹೊಸಬಾಳೆ ಎಂದರೆ ಸೊರಬ ತಾಲ್ಲೂಕಿನದೇ ಊರು. ಅಂದು ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಅವನು ಅತ್ತಿದ್ದನಂತೆ. ‘ನಮ್ಮೂರ ಕಡೆಯವ್ರು, ನಮ್ಮ ಸಂಘದವ್ರು, ನನ್ನನ್ನ ಜೈಲಿಗೆ ಹಾಕ್ಬೇಡಿ ಅಂದ್ರು ಮಾರಾಯ.’ ಮರುದಿನವೇ ಅವರು, ಇದು ಅಪರಾಧವಲ್ಲದಿದ್ದರೂ ಅನೈತಿಕ, ಸಲಿಂಗಿಗಳ ಮದುವೆಯನ್ನಂತೂ ನಿಷೇಧಿಸಬೇಕು ಎಂದು ಸ್ಪಷ್ಟನೆ ಕೊಟ್ಟರು. ಈ ಎರಡನೇ ದಿನದ ಸುದ್ದಿಯನ್ನು ಅವನು ತಾನಾಗಿ ಹೇಳುವುದಿಲ್ಲ, ನಾನೇ ನೆನಪಿಸಬೇಕು.

ಹಾಗೆಂದು ನನ್ನ ಕಡೆಯವರೆಲ್ಲ ಹಾಲಿನಲ್ಲಿ ಮಿಂದವರೇನಲ್ಲ. 2008ರಲ್ಲಿ ದೆಹಲಿ ಹೈಕೋರ್ಟಿನಲ್ಲಿ, ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮು ಇರಲೇಬೇಕೆಂದು ವಾದಿಸಿದ್ದು ಮನಮೋಹನ್ ಸಿಂಗ್ ಸರ್ಕಾರದ ಗೃಹ ಇಲಾಖೆ. ಅದೇ ಸರ್ಕಾರದ ಆರೋಗ್ಯ ಸಚಿವ ಅನ್ಬುಮಣಿ ರಾಮದಾಸ್ ಅದು ಹೋಗಲಿ ಎನ್ನುತ್ತಿದ್ದರು. ಇನ್ನು ನಮ್ಮ ಹಸಿರು ಶಾಲಿನ ಬಳಗ. ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ, ಕುವೆಂಪು ಅವರ ಮಂತ್ರಮಾಂಗಲ್ಯ ಓದಿ ಹಾರ ಬದಲಾಯಿಸುವ ಸರಳ ಮದುವೆಗಳನ್ನು ಅಪ್ಪನ ಜೊತೆ ಹೋಗಿ ನೋಡಿದ್ದೇನೆ. ಮುಹೂರ್ತ ಬೇಡ, ಜಾತಿ ಬೇಡ ಎಂದವರಿಗೆ ಇಬ್ಬರು ಗಂಡಸರು ಆ ಹಾರ ಹಿಡಿದು ನಿಂತಾರೆಂಬ ಯೋಚನೆ ಕನಸಿನಲ್ಲೂ ಬಂದಿರಲಿಕ್ಕಿಲ್ಲ. ನನ್ನ ಬಗ್ಗೆ ನಾನು ಕೇಳಿದ ಅತಿ ಕೊಳಕು ಜೋಕು ಒಬ್ಬ ಪ್ರಗತಿಪರ ಗೆಳೆಯನ ಬಾಯಿಂದ ಬಂದದ್ದು. ನನಗೆ ಮೊದಲು ಬಾಳೆಲೆ ಹಾಕಿ ‘ಇವ ನಮ್ಮನೆ ಹುಡುಗ’ ಎಂದದ್ದು ಸೊರಬದ ಆ ಮನೆಯ ಅಮ್ಮ. ಅವರಿಗೆ ಎಷ್ಟು ಗೊತ್ತು ಎಂಬುದನ್ನು ನಾವಿಬ್ಬರೂ ಕೇಳಲು ಹೋಗಿಲ್ಲ.

ಇಷ್ಟೇ ಆಗಿದ್ದರೆ ಮುದ್ದೆ ಬಸ್ಸಾರಿನ ಲೆಕ್ಕ ನಮಗೂ ಸರಿಹೋಗುತ್ತಿತ್ತು. ಸರಿಹೋಗದಂತೆ ಮಾಡಿದ್ದು 2023ರ ಅಕ್ಟೋಬರ್ 17.

ಅಲ್ಲಿಯವರೆಗೆ ನಮ್ಮ ಪಾಡು ಏನಿದ್ದರೂ ಪೊಲೀಸರ ಜೊತೆ, ಕೋರ್ಟಿನ ಜೊತೆ. 2009ರಲ್ಲಿ ದೆಹಲಿ ಹೈಕೋರ್ಟು ಬಿಡಿಸಿತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಕಟ್ಟಿಹಾಕಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂತು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಆಧಾರ್ ವಿರುದ್ಧ ಹೋದವರು, ನಮಗಾಗಿ ಹೋದವರಲ್ಲ. ಆದರೂ ಮರುವರ್ಷ ಸೆಪ್ಟೆಂಬರ್ 6ರಂದು 377ರಿಂದ ನಮ್ಮನ್ನು ಹೊರತಂದ ತೀರ್ಪು ಒರಗಿ ನಿಂತದ್ದು ಅದರ ಮೇಲೆಯೇ. ಇದರಲ್ಲೆಲ್ಲ ನನ್ನ ವೋಟಿಗಾಗಲಿ ಅವನ ವೋಟಿಗಾಗಲಿ ಕೆಲಸವಿರಲಿಲ್ಲ. ಸಂಸತ್ತು ಕೈಕಟ್ಟಿ ಕೂತಿತ್ತು. 2015ರಲ್ಲಿ ಶಶಿ ತರೂರ್ ಖಾಸಗಿ ಮಸೂದೆ ತರಲು ಹೋದರೆ ಮಂಡಿಸುವುದಕ್ಕೇ ಸದನ ಬಿಡಲಿಲ್ಲ.

2023ರಲ್ಲಿ ಸಲಿಂಗಿಗಳ ಮದುವೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ ಎಂದರು. ಸಲಿಂಗಿ ಜೋಡಿಗಳಿಗೆ ಮದುವೆಯ ಬದಲು ಬೇರೆ ಬಗೆಯ ಮಾನ್ಯತೆಯಾದರೂ ಇರಲಿ ಎಂದವರು ಡಿ.ವೈ. ಚಂದ್ರಚೂಡ್, ಎಸ್.ಕೆ. ಕೌಲ್ ಇಬ್ಬರೇ. ಉಳಿದ ಮೂವರದು, ಇದು ಶಾಸನ ಮಾಡುವವರ ಕೆಲಸ ಎಂಬ ನಿಲುವು. ಆ ಸಂಜೆ ನಾನು ಅಡುಗೆಮನೆಯಲ್ಲಿ ಹುರುಳಿಕಾಳು ಬಸಿಯುತ್ತಿದ್ದೆ. ಅವನು ಬಾಗಿಲಿಗೆ ಒರಗಿ, ‘ಕೋರ್ಟ್ ಹೇಳಿದ್ದು ಸರಿಯೇ ಅಲ್ಲವಾ, ಜನ ಆರಿಸಿದ ಸಂಸತ್ತು ಮಾಡ್ಬೇಕಾದ್ದು’ ಎಂದ. ‘ಆರ್ಸೋ ಜನ ಅಂದ್ರೆ ಯಾರಪ್ಪಾ? ನೀನೇ ತಾನೇ?’ ಎಂದೆ. ಸೌಟು ಕೈಯಲ್ಲೇ ಇತ್ತು. ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. ಮೂರು ದಿನ ‘ಹಾಲು ತಂದ್ಯಾ’, ‘ಗ್ಯಾಸ್ ಬುಕ್ ಮಾಡಿದ್ಯಾ’ ಬಿಟ್ಟರೆ ಬೇರೆ ಮಾತಿಲ್ಲ.

ಕೇಂದ್ರ ಸರ್ಕಾರ ಆ ಮೊಕದ್ದಮೆಯಲ್ಲಿ ಸಲ್ಲಿಸಿದ ಅರ್ಜಿಯಲ್ಲಿ, ಇದೆಲ್ಲ ನಗರದ ಮೇಲುವರ್ಗದವರ ಅಭಿಪ್ರಾಯ ಎಂದಿತ್ತು. ಹರದನಹಳ್ಳಿಯಲ್ಲಿ ಹುಟ್ಟಿ, ಅರಿಶಿನ ಬೇಯಿಸುವ ಒಲೆಗೆ ಸೌದೆ ತುಂಬಿ ಬೆಳೆದ ನನಗೆ ಈ ಬಡ್ತಿ ಯಾವಾಗ ಸಿಕ್ಕಿತೋ ತಿಳಿಯದು.

ಜಗಳ ಆದದ್ದಕ್ಕಿಂತ, ಆ ಮೂರು ದಿನದಲ್ಲಿ ನಮ್ಮಿಬ್ಬರನ್ನು ಹಿಡಿದಿಟ್ಟದ್ದು ಏನು ಎಂಬುದು ನನ್ನನ್ನು ಹೆಚ್ಚು ಕಾಡಿತು. ಊರಲ್ಲಿ ಗಂಡ ಹೆಂಡಿರು ಪಕ್ಷಕ್ಕಾಗಿ ಮುನಿಸಿಕೊಂಡರೆ ಅತ್ತೆ ಬಂದು ಬೈಯುತ್ತಾಳೆ, ಸೋದರಮಾವ ಬಂದು ಬುದ್ಧಿ ಹೇಳುತ್ತಾನೆ, ಮಗುವಿಗೆ ಜ್ವರ ಬರುತ್ತದೆ, ಸೊಸೈಟಿ ಸಾಲದ ಕಂತು ಬರುತ್ತದೆ, ನಾದಿನಿಯ ಮದುವೆ ಬರುತ್ತದೆ. ಸಂಬಂಧ ಎಂಬುದು ಇಬ್ಬರ ತೂಕವನ್ನು ಇಬ್ಬರ ಮೇಲೇ ಬಿಟ್ಟಿರುವುದಿಲ್ಲ, ಸುತ್ತ ಹತ್ತು ಕೈ ಹೊತ್ತಿರುತ್ತವೆ. ನಮಗೆ ಇರುವುದು ಹನ್ನೊಂದು ತಿಂಗಳ ಬಾಡಿಗೆ ಕರಾರು, ಅದೂ ಅವನೊಬ್ಬನ ಹೆಸರಲ್ಲಿ. ಮನೆ ಮಾಲೀಕರ ಪಾಲಿಗೆ ನಾವು ದೂರದ ನೆಂಟರು. ನಡುವೆ ಬಂದು ‘ಸಾಕು ಸುಮ್ನಿರಿ’ ಎನ್ನುವ ಮೂರನೆಯವರಿಲ್ಲ. ಸಿಟ್ಟಿನಲ್ಲಿ ಒಬ್ಬ ಬ್ಯಾಗು ಹಿಡಿದು ಹೊರಟರೆ ಬಿಡಿಸಿಕೊಳ್ಳಲು ಯಾವ ಕೋರ್ಟಿಗೂ ಹೋಗಬೇಕಿಲ್ಲ. ಹಾಗಾಗಿ ಬೇರೆಯವರ ಮನೆಯಲ್ಲಿ ಬಸ್ಸಾರಿನ ಜೊತೆ ಇಳಿದುಹೋಗುವ ಮಾತು ನಮ್ಮ ಮನೆಯಲ್ಲಿ ಗಂಟಲಲ್ಲೇ ನಿಲ್ಲುತ್ತದೆ. ಆ ಹತ್ತು ಕೈಗಳನ್ನು ನಮಗೆ ಕೊಡಬೇಕೋ ಬೇಡವೋ ಎಂಬುದೇ ನಮ್ಮ ಜಗಳದ ವಿಷಯ ಕೂಡ. ಗಂಡ ಹೆಂಡಿರಲ್ಲಿ ಒಬ್ಬರು ಯಾವ ಪಕ್ಷಕ್ಕೆ ಹಾಕಿದರೂ ಅವರ ಮದುವೆಯ ಕಾಗದ ರದ್ದಾಗುವುದಿಲ್ಲವಲ್ಲ.

ಎಲ್ಲ ಭೇದವನ್ನೂ ನುಂಗಿಕೊಂಡು ಬಾಳಿ ಎಂದು ನಾನು ಹೇಳುತ್ತಿಲ್ಲ. ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ 2022ರ ನವೆಂಬರಿನಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನೀರು ಕುಡಿದರೆಂದು ನೀರನ್ನೆಲ್ಲ ಹರಿಯಬಿಟ್ಟು ಗಂಜಳ ಹಾಕಿ ತೊಳೆದರು. ಆ ದಿನಗಳಲ್ಲಿ ನಮ್ಮ ಕಡೆಯ ಗೆಳೆಯನೊಬ್ಬ ಮೈಸೂರಿನ ಹುಡುಗನೊಬ್ಬನನ್ನು ಕಾಣುತ್ತಿದ್ದ. ಕಾಫಿ ಕುಡಿಯುತ್ತ ಈ ಸುದ್ದಿ ಬಂದಾಗ ಆ ಹುಡುಗ, ‘ಅವರವರ ನಂಬಿಕೆ, ಯಾಕೆ ದೊಡ್ಡದು ಮಾಡ್ತೀರಾ’ ಎಂದನಂತೆ. ಗೆಳೆಯ ದುಡ್ಡು ಕೊಟ್ಟು ಎದ್ದು ಬಂದ, ಮತ್ತೆ ಫೋನು ಮಾಡಲಿಲ್ಲ. ಅವನು ದಲಿತ. ಆ ಹುಡುಗನಿಗೆ ಅದು ಗೊತ್ತಿರಲಿಲ್ಲ. ಇಬ್ಬರೂ ವೋಟು ಹಾಕುತ್ತಿದ್ದದ್ದು ಒಂದೇ ಪಕ್ಷಕ್ಕೆ, ಅದನ್ನೂ ಹೇಳಿಬಿಡುತ್ತೇನೆ.

‘ನೀವು ಯಾವ ಜನ?’ ಎಂಬ ನಮ್ಮ ಸೀಮೆಯ ಪ್ರಶ್ನೆ ಆ್ಯಪಿನಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಪೂರ್ತಿ ಹೆಸರೇನು, ಮನೆ ಎಲ್ಲಿ, ನಾನ್‌ವೆಜ್ ತಿನ್ನುತ್ತೀರಾ. ‘ರಾಜಕೀಯ ಬೇಡ’ ಎಂದು ಬರೆದುಕೊಂಡವರೇ ಮೂರನೇ ಸಂದೇಶಕ್ಕೆ ಇದನ್ನು ಕೇಳಿರುತ್ತಾರೆ. 2015ರಲ್ಲಿ ಮುಂಬೈಯ ತಾಯಿಯೊಬ್ಬರು ಮಗನಿಗೆ ವರ ಬೇಕೆಂದು ಪತ್ರಿಕೆಗೆ ಜಾಹೀರಾತು ಕೊಟ್ಟಾಗ ದೇಶವೇ ಮೆಚ್ಚಿತು. ಜಾತಿಯ ನಿರ್ಬಂಧವಿಲ್ಲ ಎಂದ ಅದೇ ಸಾಲಿನಲ್ಲಿ, ಆದರೂ ಅಯ್ಯರ್ ಆದರೆ ಒಳ್ಳೆಯದು ಎಂದಿತ್ತು. ತಮಾಷೆಗೆ ಹಾಕಿದ್ದು ಎಂದು ಆಮೇಲೆ ಹೇಳಿದರು. ನಮ್ಮ ಕಡೆ ಅಂಥ ತಮಾಷೆಗೆ ಯಾರೂ ನಗುವುದಿಲ್ಲ.

ಸೊರಬದವನನ್ನು ನಾನು ಅಳೆದದ್ದೂ ಹೀಗೇ. ಹೆಗ್ಗೊಠಾರದ ಸುದ್ದಿಗೆ ಅವನು ಬೈದ ಬೈಗುಳ ನನ್ನ ಬೈಗುಳಕ್ಕಿಂತ ಜೋರಿತ್ತು. ಸಂಘದಲ್ಲಿ ಜಾತಿ ಕೇಳುವುದಿಲ್ಲ ಎಂಬುದು ಅವನು ನಂಬಿ ಆಡುವ ಮಾತು. ನಾನು ನಂಬುವುದಿಲ್ಲ. ಅವನು ನಂಬಿದ್ದಾನೆ ಎಂಬುದನ್ನು ಮಾತ್ರ ನಂಬುತ್ತೇನೆ.

ಅವನ ಬತ್ತಳಿಕೆಯಲ್ಲಿ ಹೊರದೇಶದ ಬಾಣಗಳೂ ಇವೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಸಲಿಂಗಿಗಳ ಮದುವೆಗೆ ಕಾನೂನು ತಂದದ್ದು ಕನ್ಸರ್ವೇಟಿವ್ ಪಕ್ಷದ ಡೇವಿಡ್ ಕ್ಯಾಮರಾನ್. ತಾನು ಸಂಪ್ರದಾಯವಾದಿ ಆದ್ದರಿಂದಲೇ ಇದನ್ನು ಬೆಂಬಲಿಸುತ್ತೇನೆ ಎಂದಿದ್ದವರು. ‘ನೋಡು, ನಮ್ಮವ್ರೂ ಒಂದಿನ ಹಂಗೇ ಮಾಡ್ತಾರೆ’ ಎನ್ನುತ್ತಾನೆ. ಆ ಕಾನೂನು ಮತಕ್ಕೆ ಬಂದ ದಿನ ಕ್ಯಾಮರಾನ್ ಪಕ್ಷದ ಸಂಸದರಲ್ಲಿ ಪರವಾಗಿ ಕೈಯೆತ್ತಿದವರಿಗಿಂತ ವಿರೋಧಿಸಿದವರೇ ಹೆಚ್ಚಿದ್ದರು, ಮಸೂದೆ ಪಾರಾದದ್ದು ಬೇರೆ ಪಕ್ಷಗಳ ಬಲದಿಂದ ಎಂದು ನಾನು ಸೇರಿಸುತ್ತೇನೆ. ಜರ್ಮನಿಯಲ್ಲಿ ವಲಸಿಗರ ವಿರೋಧಿ ಪಕ್ಷ ಎಎಫ್‌ಡಿಯ ನಾಯಕಿ ಆಲಿಸ್ ವೈಡೆಲ್ ಬಾಳುತ್ತಿರುವುದು ಶ್ರೀಲಂಕಾದಲ್ಲಿ ಹುಟ್ಟಿದ ಮಹಿಳೆಯ ಜೊತೆ. ಇದನ್ನು ಯಾರ ಬುಟ್ಟಿಗೆ ಹಾಕಬೇಕೆಂದು ಇಬ್ಬರಿಗೂ ತಿಳಿಯದೆ ಆ ಮಾತು ಅಲ್ಲಿಗೇ ಬಿಡುತ್ತೇವೆ.

2024ರ ಲೋಕಸಭಾ ಚುನಾವಣೆ ಬಂತು. ಕಾಂಗ್ರೆಸ್ಸಿನ ಪ್ರಣಾಳಿಕೆಯಲ್ಲಿ, ವ್ಯಾಪಕವಾಗಿ ಚರ್ಚಿಸಿ ನಮ್ಮಂಥ ಜೋಡಿಗಳಿಗೆ ಮಾನ್ಯತೆ ಕೊಡುವ ಕಾನೂನು ತರುತ್ತೇವೆ ಎಂಬ ಸಾಲು ಇತ್ತು. ನಾನು ಅದನ್ನು ಫೋನಿನಲ್ಲಿ ತೆರೆದು ಅವನ ತಟ್ಟೆಯ ಪಕ್ಕ ಇಟ್ಟೆ. ಓದಿದ. ‘ಚರ್ಚಿಸಿ ಅಂದ್ರೆ ಮಾಡಲ್ಲ ಅಂತ’ ಎಂದ. ತಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ನಾನು ಏಪ್ರಿಲ್ 26ಕ್ಕೆ ಊರಿಗೆ ಹೋಗಿ ಹಾಕಿ ಬಂದೆ, ಅವನು ಮೇ 7ಕ್ಕೆ. ಊರಲ್ಲಿ ಅವ್ವ, ‘ನಿನ್ ಜೊತ್ಗಿರ ಹುಡ್ಗ ಯಾರ್ಗ್ ಹಾಕನು?’ ಎಂದು ಕೇಳಿದಳು. ಹೇಳಿದೆ. ‘ಹಾಕ್ಲಿ ಬುಡು ಮೊಗಾ, ಅನ್ನ ಮಾಡಕ್ ಬತ್ತದಾ ಅವ್ನ್ಗೆ?’ ಚಾಮರಾಜನಗರದಲ್ಲಿ ಕಾಂಗ್ರೆಸ್ಸಿನ ಸುನಿಲ್ ಬೋಸ್ ಗೆದ್ದರು, ಶಿವಮೊಗ್ಗದಲ್ಲಿ ಬಿಜೆಪಿಯ ಬಿ.ವೈ. ರಾಘವೇಂದ್ರ. ನಮ್ಮ ಮನೆಯ ಎರಡು ವೋಟೂ ಗೆದ್ದವು, ಕಾನೂನು ಮಾತ್ರ ಇದ್ದಲ್ಲೇ ಇದೆ.

ಆ ವರ್ಷ ಆಗಸ್ಟಿನಲ್ಲಿ ಅವನಿಗೆ ಒಂದು ಹಿಡಿ ಸಿಕ್ಕಿತು. ಸಲಿಂಗಿ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ಇಂಥ ಜೋಡಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯೆಂದು ಗಣಿಸುವಂತೆ ರಾಜ್ಯಗಳಿಗೂ ಪತ್ರ ಹೋಯಿತು. ‘ಯಾರ ಸರ್ಕಾರ?’ ಎಂದು ಅವನು ಹುಬ್ಬು ಹಾರಿಸಿದ. ಸುಪ್ರೀಂ ಕೋರ್ಟಿನಲ್ಲಿ ಕೊಟ್ಟ ಮಾತಿನಂತೆ ಸಮಿತಿ ಮಾಡಬೇಕಾಗಿ ಬಂದದ್ದರಿಂದ ಹೊರಟ ಕಾಗದ ಅದು ಎಂದೆ. ಅರ್ಜಿ ಹಾಕಿದವರಿಲ್ಲದಿದ್ದರೆ ಕೋರ್ಟೂ ಇಲ್ಲ, ಸಮಿತಿಯೂ ಇಲ್ಲ ಎಂದೆ. ಹಾಗೆ ವಾದಿಸುತ್ತಲೇ ಇಬ್ಬರೂ ಒಂದು ಶನಿವಾರ ಬ್ಯಾಂಕಿನ ಸಾಲಿನಲ್ಲಿ ನಿಂತೆವು. ಕೌಂಟರಿನ ಹುಡುಗಿ ಫಾರಂ ನೋಡಿ, ‘ಸರ್, ಸಂಬಂಧ ಅನ್ನೋ ಕಡೆ ಖಾಲಿ ಬಿಟ್ಟಿದ್ದೀರಲ್ಲ?’ ಎಂದಳು. ಅವನು ನನ್ನ ಮುಖ ನೋಡಿದ. ನಾನು ಅವನದು ನೋಡಿದೆ. ‘ಸ್ನೇಹಿತ ಅಂತ ಬರ್ಕೊಳ್ಳಲಾ?’ ಎಂದು ಅವಳೇ ಕೇಳಿದಳು. ‘ಬೇಡ, ಸಂಗಾತಿ ಅಂತ ಬರೀರಿ’ ಎಂದವನು ಸೊರಬದವನು. ಅವಳು ಬರೆದುಕೊಂಡು, ಆಧಾರ್ ಜೆರಾಕ್ಸ್ ಇನ್ನೊಂದು ಪ್ರತಿ ಬೇಕು ಎಂದಳು. ಜೆರಾಕ್ಸ್ ಅಂಗಡಿ ಎದುರು ರಸ್ತೆಯಲ್ಲಿತ್ತು. ದಾಟುವಾಗ ನಾನು ಪುಟ್ಟಸ್ವಾಮಿಯವರ ಮೊಕದ್ದಮೆಯ ಮಾತೆತ್ತಿದೆ, ಅವನು ‘ಶುರು ಮಾಡ್ಬೇಡ ಮಾರಾಯ’ ಎಂದ.