ಸೇನಾಪತಿಯ ಕುರ್ಚಿ, ಲಕ್ಷ್ಮಿಯ ಸಂಕಟ

ಭಾನುವಾರ ಮಧ್ಯಾಹ್ನ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಸ್ವಲ್ಪ ಕಾಲು ಚಾಚಿ ಕೂರೋಣ ಎಂದರೆ ಟೀವಿಯಲ್ಲಿ ಢಂ ಢಂ ಎಂದು ಗುಂಡಿನ ಸದ್ದು. ಇಂಥ ಚಿತ್ರ ಬಂದರೆ ನಾವು ಹೆಂಗಸರು ಸಾಮಾನ್ಯವಾಗಿ ಏನು ಮಾಡುತ್ತೇವೆ? "ಇದು ಗಂಡಸರ ಸಿನಿಮಾ" ಎಂದು ಎದ್ದು ಹೋಗಿ ಹೂ ಕಟ್ಟುತ್ತಾ ಕೂರುತ್ತೇವೆ. ಆ ದಿನ ನಾನೂ ಏಳಬೇಕೆಂದಿದ್ದೆ. ಆದರೆ ಪಕ್ಕದಲ್ಲಿದ್ದ ನಮ್ಮ ಅತ್ತೆ ಏಳಲಿಲ್ಲ. ಅವರಿಗೆ ತಮಿಳು ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ನಾನು ಹೇಳುತ್ತಾ ಹೋದೆ. ಹಾಗೆ ನಾವಿಬ್ಬರೂ ಕೂತು ಪೂರ್ತಿ ನೋಡಿದ ಚಿತ್ರ ಮಣಿರತ್ನಂ ಅವರ 'ಚೆಕ್ಕ ಚಿವಂದ ವಾನಂ'. ಕೆಂಪಗೆ ಕೆಂಪಾದ ಬಾನು ಎಂದು ಅದರ ಅರ್ಥ. 2018ರ ಸೆಪ್ಟೆಂಬರಿನಲ್ಲಿ ತೆರೆಗೆ ಬಂದದ್ದು.

ಮಣಿರತ್ನಂ ಎಂದರೆ ನಮಗೆ ಹೊರಗಿನವರೇನಲ್ಲ. ಅವರ ಮೊಟ್ಟಮೊದಲ ಚಿತ್ರ ಕನ್ನಡದ್ದೇ, 1983ರ 'ಪಲ್ಲವಿ ಅನುಪಲ್ಲವಿ'. ನಮ್ಮ 'ಬಂಧನ'ದ ಸುಹಾಸಿನಿಯ ಪತಿ ಎಂದರೆ ಇನ್ನೂ ಬೇಗ ನೆನಪಾದೀತು!

ಕಥೆ ಇಷ್ಟೇ

ಮದರಾಸಿನಲ್ಲಿ ಸೇನಾಪತಿ ಎಂಬ ದೊಡ್ಡ ಕುಳ. ನಮ್ಮ ಪ್ರಕಾಶ್ ರೈ ಈ ಪಾತ್ರ ಮಾಡಿದ್ದಾರೆ. ತಮಿಳಿನವರಿಗೆ ಅವರು ಪ್ರಕಾಶ್ ರಾಜ್. ಊರೆಲ್ಲ ಹೆದರುವ ಮನುಷ್ಯ, ಸಂಪಾದಿಸಿದ್ದೆಲ್ಲ ಅಡ್ಡದಾರಿಯಲ್ಲಿ. ಹೆಂಡತಿ ಲಕ್ಷ್ಮಿಯಾಗಿ ಜಯಸುಧಾ. ಇದೇ ಜೋಡಿಯನ್ನು 'ಬೊಮ್ಮರಿಲ್ಲು' ಎಂಬ ತೆಲುಗು ಚಿತ್ರದಲ್ಲಿ ತಂದೆತಾಯಿಯಾಗಿ ನೀವು ನೋಡಿರಬಹುದು. ಅಲ್ಲಿ ತಂದೆ ಮಗನ ಅಂಗಿಯ ಬಣ್ಣದಿಂದ ಹಿಡಿದು ಎಲ್ಲವನ್ನೂ ತಾನೇ ಆರಿಸುವವನು, ಇಲ್ಲಿ ಮಕ್ಕಳು ಕೈಮೀರಿ ಹೋಗುವವರೆಗೆ ತಿರುಗಿ ನೋಡದವನು.

ಮೂವರು ಗಂಡುಮಕ್ಕಳು. ಹಿರಿಯವ ವರದನ್ ತಂದೆಯ ಬಲಗೈ, ಮನೆಯಲ್ಲೇ ಇರುವವನು. 'ರೋಜಾ'ದಲ್ಲಿ ಹೆಂಡತಿಗಾಗಿ ಹಂಬಲಿಸುತ್ತಿದ್ದ ಆ ಸೌಮ್ಯ ಮುಖದ ಅರವಿಂದ ಸ್ವಾಮಿ ಇವರೇ ಎಂದರೆ ನಂಬಲಾಗುವುದಿಲ್ಲ. ಎರಡನೆಯವನು ತ್ಯಾಗು, ದುಬೈಯಲ್ಲಿ ಶೇಖರ ಜೊತೆ ವ್ಯವಹಾರ, ಮೈಮೇಲೆ ಇಸ್ತ್ರಿ ಮಾಸದ ಕೋಟು. ಮೂರನೆಯವನು ಎತ್ತಿ, ದೂರದ ಸರ್ಬಿಯಾದಲ್ಲಿ ಬಂದೂಕು ಸಾಗಿಸುವವನು. ಅರುಣ್ ವಿಜಯ್ ಮತ್ತು ಸಿಂಬು ಈ ಇಬ್ಬರು ತಮ್ಮಂದಿರಾಗಿದ್ದಾರೆ.

ಒಂದು ದಿನ ಗಂಡ ಹೆಂಡತಿ ಕಾರಿನಲ್ಲಿ ಹೋಗುತ್ತಿರುವಾಗ ಪೊಲೀಸರ ವೇಷ ಹಾಕಿದವರು ದಾಳಿ ಮಾಡುತ್ತಾರೆ. ಇಬ್ಬರೂ ಬದುಕಿ ಉಳಿಯುತ್ತಾರೆ. ಸುದ್ದಿ ತಿಳಿದು ಮಕ್ಕಳು ಓಡಿ ಬರುತ್ತಾರೆ. ಎದುರಾಳಿ ಚಿನ್ನಪ್ಪದಾಸನೇ ಮಾಡಿಸಿದ್ದು ಎಂದು ಹಲ್ಲು ಕಡಿಯುತ್ತಾರೆ. ಆದರೆ ಹಾಸಿಗೆಯಲ್ಲಿ ಮಲಗಿದ ಮುದುಕ ಹೆಂಡತಿಯ ಹತ್ತಿರ ಬೇರೆಯೇ ಮಾತು ಹೇಳುತ್ತಾನೆ. ನಮ್ಮನ್ನು ಕೊಲ್ಲಿಸಲು ನೋಡಿದ್ದು ಹೊರಗಿನವರಲ್ಲ, ನಮ್ಮ ಮೂವರಲ್ಲಿ ಒಬ್ಬ, ಅಂತ.

ಇದಾದ ಮೇಲೆ ಅವನು ಹೆಚ್ಚು ದಿನ ಉಳಿಯುವುದಿಲ್ಲ. ಗುಂಡಿಗೆ ಜಗ್ಗದವನನ್ನು ಎದೆನೋವು ಒಯ್ಯುತ್ತದೆ. ತನ್ನ ನಂತರ ಯಾರು ಎಂಬುದು ಇತ್ಯರ್ಥವಾಗಿರುವುದಿಲ್ಲ. ಕುರ್ಚಿ ಖಾಲಿ, ಕೈಗಳು ಮೂರು ಜೊತೆ. ಮಧ್ಯೆ ರಸೂಲ್ ಎಂಬ ಅಮಾನತಾದ ಇನ್ಸ್‌ಪೆಕ್ಟರು, ವರದನ ಬಾಲ್ಯಸ್ನೇಹಿತ. ವಿಜಯ್ ಸೇತುಪತಿ ಈ ಪಾತ್ರವನ್ನು ಎಷ್ಟು ಆರಾಮಾಗಿ ಮಾಡಿದ್ದಾರೆಂದರೆ, ಎಲ್ಲರೂ ಹೊಡೆದಾಡುವಾಗ ಇವರೊಬ್ಬರು ಸಂತೆಗೆ ಬಂದವರ ಹಾಗೆ ಓಡಾಡಿಕೊಂಡಿರುತ್ತಾರೆ. ಮುಂದಿನದು ನಾನು ಹೇಳುವುದಿಲ್ಲ. ನೋಡುವವರ ಸ್ವಾರಸ್ಯ ಕೆಡಿಸಬಾರದಲ್ಲ!

ಬಾಗಿಲ ಹಿಂದಿನವರು

ಚಿತ್ರದ ವಿಮರ್ಶೆ ಬರೆದವರೆಲ್ಲ ಸಂತೋಷ್ ಶಿವನ್ ಅವರ ಛಾಯಾಗ್ರಹಣ, ಎ. ಆರ್. ರೆಹಮಾನ್ ಸಂಗೀತ, ಅಣ್ಣತಮ್ಮಂದಿರ ಕಾದಾಟ ಎಂದು ಬರೆದರು. ಅವೆಲ್ಲ ಚೆನ್ನಾಗಿಯೇ ಇವೆ. ಆದರೆ ನನ್ನ ಕಣ್ಣು ಹೋದದ್ದು ಆ ಮನೆಯ ಹೆಂಗಸರ ಕಡೆಗೆ.

ಮೊದಲು ಹಿರಿಯ ಸೊಸೆ ಚಿತ್ರಾ, ಜ್ಯೋತಿಕಾ ಮಾಡಿರುವ ಪಾತ್ರ. ಮದುವೆಯಾದ ಮೇಲೆ ಹಲವು ವರ್ಷ ಬಣ್ಣ ಹಚ್ಚದೆ ಮನೆಯಲ್ಲಿದ್ದು, 2015ರಲ್ಲಿ ಒಬ್ಬ ಗೃಹಿಣಿಯ ಕಥೆಯೊಂದಿಗೇ ಮರಳಿ ಬಂದ ನಟಿ. ಆ ಅನುಭವವೆಲ್ಲ ಇಲ್ಲಿ ಉಪಯೋಗಕ್ಕೆ ಬಂದಿದೆ. ಅತ್ತೆ ಮಾವನನ್ನು ನೋಡಿಕೊಳ್ಳುವುದು, ಮೈದುನಂದಿರು ಬಂದರೆ ನಗುನಗುತ್ತಾ ಮಾತಾಡಿಸುವುದು, ಎಲ್ಲವೂ ಇವಳ ಪಾಲಿಗೆ. ಗಂಡನಿಗೆ ಪಾರ್ವತಿ ಎಂಬ ಪತ್ರಕರ್ತೆಯ ಜೊತೆ ಸಂಬಂಧ ಉಂಟೆಂದು ಇವಳಿಗೆ ಗೊತ್ತು. ಗೊತ್ತಿದ್ದೂ ಕಿರುಚಾಡಿ ಮನೆ ಬಿಟ್ಟು ಹೋಗುವುದಿಲ್ಲ. ಇದನ್ನು ತಾಳ್ಮೆ ಎನ್ನಬೇಕೋ ಲೆಕ್ಕಾಚಾರ ಎನ್ನಬೇಕೋ! ದೊಡ್ಡ ಮನೆಯ ಹಿರಿಸೊಸೆ ಎಂಬ ಸ್ಥಾನವನ್ನು ಬಿಟ್ಟುಕೊಡಲು ಅವಳೂ ಸಿದ್ಧಳಿಲ್ಲ ಎಂದು ನನಗನ್ನಿಸಿತು. ಕುರ್ಚಿಯ ಆಸೆ ಗಂಡಸರಿಗೆ ಮಾತ್ರ ಎಂದು ಯಾರು ಹೇಳಿದರು?

ಎರಡನೆಯ ಸೊಸೆ ರೇಣು, ಐಶ್ವರ್ಯಾ ರಾಜೇಶ್. ಗಂಡ ಕಾನೂನಿನೊಳಗೇ ದುಡಿಯುತ್ತಾನೆಂದು ನಂಬಿ ದುಬೈಯಲ್ಲಿ ಸಂಸಾರ ಹೂಡಿದವಳು. ಅಣ್ಣತಮ್ಮಂದಿರ ಜಗಳ ಮದರಾಸಿನಲ್ಲಿ ಕಾವೇರಿದಾಗ ಅಲ್ಲಿ ಪೊಲೀಸರು ಬಾಗಿಲು ತಟ್ಟುತ್ತಾರೆ. ಮನೆಯಲ್ಲಿ ಮಾದಕ ವಸ್ತು ಸಿಕ್ಕಿತೆಂದು ಇವಳನ್ನು ಕರೆದೊಯ್ಯುತ್ತಾರೆ. ಅದು ಹೇಗೆ ಬಂತೆಂದು ಪಾಪ ಅವಳಿಗೇ ತಿಳಿಯದು. ಮೂರನೆಯವನ ಹೆಂಡತಿ ಛಾಯಾ ಗುಂಡಿಗೆ ಬಲಿಯಾಗುತ್ತಾಳೆ. ಈ ಪಾತ್ರದಲ್ಲಿರುವ ಡಯಾನಾ ಎರಪ್ಪ ಕೊಡಗಿನ ಮೂಲದವರು. ಬಂದದ್ದೇ ನಾಲ್ಕು ದೃಶ್ಯಕ್ಕೆ. ಗಂಡಸರಿಗೆ ಪರಸ್ಪರ ತಗುಲಲಿಲ್ಲವೆಂದರೆ ಏಟು ಹೆಂಡತಿಯರಿಗೆ. ನಿರ್ದೇಶಕರು ಅವರಿಗೆ ಇನ್ನಷ್ಟು ಮಾತು ಕೊಟ್ಟಿದ್ದರೆ ಎಂದು ನನಗೆ ಬೇಸರವಾಯಿತು. ಕಾರು ಓಡುವುದನ್ನೇ ಅಷ್ಟು ಹೊತ್ತು ತೋರಿಸುತ್ತಾರೆ, ಇವರನ್ನು ಇನ್ನೊಂದು ಐದು ನಿಮಿಷ ತೋರಿಸಿದ್ದರೆ ಏನಾಗುತ್ತಿತ್ತು?

ಲಕ್ಷ್ಮಿಯ ಸಂಕಟ ಮಾತ್ರ ಎಲ್ಲರದಕ್ಕಿಂತ ಬೇರೆ. ಯೋಚಿಸಿ ನೋಡಿ. ಹೆತ್ತ ಮೂವರಲ್ಲಿ ಒಬ್ಬ ತನ್ನನ್ನೂ ಸೇರಿಸಿ ಕೊಲ್ಲಿಸಲು ಹೊರಟವನು ಎಂದು ಕಿವಿಗೆ ಬಿದ್ದ ಮೇಲೆ, ಅದೇ ಮೂವರ ಮುಖ ನೋಡುವುದು ಹೇಗೆ? ಯಾರೆಂದು ಕೇಳಿದರೆ ಒಬ್ಬ ಮಗ ಹೋಗುತ್ತಾನೆ, ಕೇಳದಿದ್ದರೆ ಮೂವರೂ ಹೋಗುತ್ತಾರೆ. ಜಯಸುಧಾ ಇಲ್ಲಿ ಅತ್ತು ಕರೆದು ಮಾಡುವುದಿಲ್ಲ. ಕಣ್ಣು ಒಬ್ಬ ಮಗನಿಂದ ಇನ್ನೊಬ್ಬನಿಗೆ ಹೋಗುತ್ತದೆ, ಅಷ್ಟೇ.

ಆಗಲೇ ನಮ್ಮ ಅತ್ತೆ ಕೇಳಿದ್ದು: "ಅಲ್ಲಾ ಕಣೇ, ಇವನು ಏನು ಮಾಡಿ ದುಡ್ಡು ತರ್ತಾನೆ ಅಂತ ಈ ಯಮ್ಮ ಒಂದು ದಿನಾನೂ ಕೇಳ್ಲಿಲ್ವಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಚಿತ್ರದಲ್ಲೂ ಇಲ್ಲ.

ಕೇಳಿದವಳೊಬ್ಬಳು

ಅತ್ತೆಯ ಪ್ರಶ್ನೆಗೆ ಉತ್ತರ ಹುಡುಕಿದಾಗ ನನಗೆ ನೆನಪಾದದ್ದು ಇದೇ ನಿರ್ದೇಶಕರ 1987ರ 'ನಾಯಕನ್'. ಮುಂಬಯಿಯ ಕೊಳೆಗೇರಿಯಲ್ಲಿ ದೊಡ್ಡವನಾಗುವ ವೇಲು ನಾಯ್ಕರ್ ಪಾತ್ರಕ್ಕೆ ಕಮಲ ಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿಯೂ ಹೆಂಡತಿ ಗುಂಡಿಗೆ ಸಾಯುತ್ತಾಳೆ. ಅಲ್ಲಿಯೂ ಮಗ ಅಪ್ಪನ ದಂಧೆಗೆ ಇಳಿದು ಪ್ರಾಣ ಕಳೆದುಕೊಳ್ಳುತ್ತಾನೆ. ಆದರೆ ಅಲ್ಲಿ ಚಾರುಮತಿ ಎಂಬ ಮಗಳೊಬ್ಬಳಿದ್ದಳು. ಜನರಿಗೆ ಹೊಡೆಯಲು ಬಡಿಯಲು ನಿನಗೆ ಯಾರು ಅಧಿಕಾರ ಕೊಟ್ಟರು ಎಂದು ಅಪ್ಪನನ್ನು ಮುಖಾಮುಖಿ ನಿಲ್ಲಿಸಿ ಕೇಳಿದಳು. ಅಣ್ಣ ಸತ್ತ ಮೇಲೆ ಆ ಮನೆಯೇ ಬೇಡವೆಂದು ಹೊರನಡೆದಳು. ಆಮೇಲೆ ಅವಳು ಕೈಹಿಡಿದದ್ದು ಒಬ್ಬ ಪೊಲೀಸ್ ಅಧಿಕಾರಿಯನ್ನು!

ಸೇನಾಪತಿಯ ಮನೆಯಲ್ಲಿ ಅಂಥ ಮಗಳಿಲ್ಲ. ಮೂವರು ಗಂಡುಮಕ್ಕಳೂ ಬೇಕು ಬೇಕು ಎನ್ನುವವರೇ, ಬೇಡ ಎನ್ನುವ ಬಾಯಿ ಒಂದೂ ಇಲ್ಲ.

ಜಮೀನು, ಮನೆ, ಒಡವೆ ಇದ್ದರೆ ಪಾಲು ಮಾಡಲು ದಾರಿಯುಂಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿದೆ. 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಆದರೆ ಸೇನಾಪತಿಯ ನಿಜವಾದ ಆಸ್ತಿ ಎಂದರೆ ಜನ ಅವನಿಗೆ ಹೆದರುತ್ತಿದ್ದ ಹೆದರಿಕೆ. ಅದಕ್ಕೆ ಖಾತೆಯಿಲ್ಲ, ಪಹಣಿಯಿಲ್ಲ, ಮೂರು ಭಾಗ ಮಾಡಲು ಬರುವುದಿಲ್ಲ. ಪೂರ್ತಿ ಒಬ್ಬನಿಗೇ ಸೇರಬೇಕು, ಉಳಿದಿಬ್ಬರು ಅವನಿಗೆ ಹೆದರಬೇಕು. ಆಮೇಲಿನ ರಕ್ತಪಾತವೆಲ್ಲ ಇದರಿಂದಲೇ. ಚಿನ್ನಪ್ಪದಾಸ ಒಂದು ನೆಪ ಮಾತ್ರ.

ಎರಡೂವರೆ ಗಂಟೆಗೆ ತುಸು ಕಡಿಮೆಯ ಚಿತ್ರ. ಚಿಕ್ಕ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬೇಡಿ, ಗುಂಡಿನ ಸದ್ದು, ರಕ್ತ ಎರಡೂ ಹೆಚ್ಚು. ತಮಿಳು ಬಾರದವರಿಗೆ ಇದೇ ಚಿತ್ರ ತೆಲುಗಿನಲ್ಲಿ 'ನವಾಬ್' ಎಂಬ ಹೆಸರಿನಿಂದಲೂ ಉಂಟು.

ಕೊನೆಯ ಗುಂಡು ಹಾರಿ ಹೆಸರುಗಳು ಬರತೊಡಗಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಅತ್ತೆ ಏನೂ ಮಾತಾಡದೆ ಎದ್ದು ಹೋದರು. ಮಾವನವರು ತೀರಿಕೊಂಡು ಎರಡು ವರ್ಷವಾಗಿದೆ. ಊರಿನ ಮನೆ, ತೋಟದ ಮಾತು ಬಂದಾಗಲೆಲ್ಲ "ನೋಡೋಣ, ಅವಸರ ಏನು" ಎನ್ನುತ್ತಿದ್ದವರು ಅವರು. ನಮ್ಮವರೂ ನಮ್ಮ ಮೈದುನನೂ ಫೋನಿನಲ್ಲಿ ಹಬ್ಬ ಹುಣ್ಣಿಮೆಗೆ ಮಾತ್ರ ಮಾತಾಡುವಷ್ಟಕ್ಕೆ ಬಂದು ನಿಂತಿದ್ದರು.

ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುವಾಗ ಅತ್ತೆ ನಮ್ಮವರಿಗೆ ಹೇಳಿದರು: "ಬರೋ ಭಾನುವಾರ ನಿನ್ನ ತಮ್ಮನ್ನ ಊಟಕ್ಕೆ ಕರಿ. ಸೊಸೇನೂ ಕರ್ಕೊಂಡು ಬರ್ಲಿ ಅನ್ನು. ನಿಮ್ಮಕ್ಕನಿಗೂ ನಾನೇ ಹೇಳ್ತೀನಿ. ಪತ್ರ ಎಲ್ಲಾ ಟ್ರಂಕಿನಲ್ಲಿವೆ, ಎಲ್ಲರ ಮುಂದೇನೇ ತೆಗೆಯೋಣ."

ಆಮೇಲೆ ನನ್ನ ಕಡೆ ತಿರುಗಿ, ಭಾನುವಾರಕ್ಕೆ ಹೋಳಿಗೆ ಮಾಡೋಣವೋ ಪಾಯಸ ಸಾಕೋ ಎಂದು ಕೇಳಿದರು.